ಏಳೂವರೆಯ ಪಾವಣ್ಯಾರು

“ನಾಕ ಮಂದಿ” ಅಂದುಬಿಟ್ಟಿದ್ದ. ಅಂದು ಮೂರು ತಿಂಗಳಾಗಿತ್ತು. ಇವತ್ತು ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಕೂತು ಹಲ್ಲುಜ್ಜುವಾಗ ಅದು ಮತ್ತೆ ನೆನಪಾಗಿ ರಾಮಲಿಂಗಪ್ಪನ ಬೆರಳು ಬಾಯಲ್ಲೇ ನಿಂತಿತು. ಕೇಳಿದವನು ಜಮಖಂಡಿಯಿಂದ ಬೈಕಿನ ಮೇಲೆ ಬರುವ ಸಂಜು. ಆಯ್ದ ಕೆಲವು ಮನೆಗಳ ಟಿ.ವಿ.ಗೆ ಒಂದು ಡಬ್ಬಿ ಕೂರಿಸಿ, ಆ ಮನೆಯವರು ಏನು ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ ಎಂದು ತಿಳಿದುಕೊಳ್ಳುವ ಯಾವುದೋ ಕಂಪನಿಯ ಮನುಷ್ಯ. ರಬಕವಿಯಲ್ಲಿ ಇಷ್ಟೊಂದು ಮನೆಗಳಿರುವಾಗ ತಮ್ಮ ಮನೆಯೇ ಆರಿಸಿ ಬಂತಲ್ಲ ಎಂದು ಅವತ್ತು ರಾಮಲಿಂಗಪ್ಪ ಒಳಗೊಳಗೇ ಉಬ್ಬಿದ್ದ. ಅರವತ್ನಾಲ್ಕು ವರ್ಷದಲ್ಲಿ ಅವನನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲ. ಆ ಉಬ್ಬಿನಲ್ಲೇ “ಮನ್ಯಾಗ ಎಷ್ಟ ಮಂದಿ ಅದೀರ್ರೀ?” ಎಂಬ ಪ್ರಶ್ನೆಗೆ ಹಿಂದೆಮುಂದೆ ನೋಡದೆ ಉತ್ತರ ಕೊಟ್ಟಿದ್ದ. ನಾನು, ಹೆಂಡತಿ ಶೇವಂತಿ, ಮಗ ರಾಹುಲ, ಸೊಸೆ ಶೀತಲ್. ಸಂಜು ನಾಲ್ಕು ಹೆಸರು ಬರೆದುಕೊಂಡು, ಡಬ್ಬಿಯ ಗುಂಡಿಗಳನ್ನು ತೋರಿಸಿ, ಟಿ.ವಿ. ಮುಂದೆ ಕೂಡುವಾಗ ಅವರವರ ಗುಂಡಿ ಅವರವರೇ ಒತ್ತಬೇಕು ಎಂದು ಹೇಳಿಕೊಟ್ಟ. ಆ ಹೊತ್ತಿಗೆ ಅವನ ಮುಂದೆ ಚಹಾ ತಂದಿಟ್ಟವಳು ತಂಗಿ ಸಾವಕ್ಕ. ಐದನೆಯವಳು. ಲೋಟ ಇಟ್ಟಳು, ಒಳಗೆ ಹೋದಳು. ಕೇಳಿಸಿಕೊಂಡಳೋ ಇಲ್ಲವೋ ಎಂಬುದು ಅವನಿಗೆ ಈವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದುಕೊಂಡೇ ಮೂರು ತಿಂಗಳು ಕಳೆದಿದ್ದ, ಮತ್ತು ಈಗ ಹನ್ನೊಂದು ಗಂಟೆಗೆ ಸಂಜು ಮತ್ತೆ ಬರುತ್ತೇನೆಂದು ಫೋನು ಮಾಡಿದ್ದ. ಏನೋ ತಪಾಸಣೆಯಂತೆ.

ಬಾಯಿ ಮುಕ್ಕಳಿಸಿ ಎದ್ದಾಗ ಸಾವಕ್ಕ ಪಡಸಾಲೆಯ ಮೂಲೆಯಲ್ಲಿ ರಾಟೆಯ ಮುಂದೆ ಕೂತಾಗಿತ್ತು. ಮಗ್ಗಕ್ಕೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುವುದು ಅವಳ ಕೆಲಸ. ಈಗ ಅದಕ್ಕೂ ಯಂತ್ರ ಬಂದಿದೆ, ರಾಹುಲ ತರುತ್ತೇನೆಂದೂ ಅಂದಿದ್ದ. ಆದರೆ ಅವಳು ಸುತ್ತಿದ ಕಂಡಿಕೆ ಲಾಳಿಯಲ್ಲಿ ಒಮ್ಮೆಯೂ ಸಿಕ್ಕುಬೀಳುವುದಿಲ್ಲ ಎಂದು ಅವನೇ ಸುಮ್ಮನಾದ. ಮೂವತ್ತೊಂದು ವರ್ಷದ ಹಿಂದೆ ತೇರದಾಳದಿಂದ ಪಂಚಮಿ ಹಬ್ಬಕ್ಕೆಂದು ಬಂದವಳು. ಹಬ್ಬ ಮುಗಿಯಿತು, ಜೋಕಾಲಿ ಬಿಚ್ಚಿದರು, ಉಂಡಿಯ ಡಬ್ಬಿ ಖಾಲಿಯಾಯಿತು, ಗಂಡ ಕರೆಯಲು ಬರಲಿಲ್ಲ. ಅವನು ಬೇರೆ ಸಂಸಾರ ಹೂಡಿದ್ದಾನೆ ಎಂಬ ಸುದ್ದಿ ಮಾತ್ರ ಬಂತು. ಅಣ್ಣನಾದವನು “ಯಾವಾಗ ಹೋಗ್ತಿ” ಎಂದು ಒಂದು ದಿನವೂ ಕೇಳಲಿಲ್ಲ. ಅದು ತನ್ನ ದೊಡ್ಡತನ ಎಂದು ರಾಮಲಿಂಗಪ್ಪ ಬಹಳ ವರ್ಷ ನಂಬಿದ್ದ. ಆದರೆ “ಇಲ್ಲೇ ಇರು” ಎಂದೂ ಅವನು ಅನ್ನಲಿಲ್ಲ. ಒಂದು ವಾರದ ಬಟ್ಟೆ ತಂದವಳು ಆ ಬಟ್ಟೆ ಹರಿಯುವವರೆಗೂ ಉಟ್ಟಳು, ಆಮೇಲೆ ಶೇವಂತಿ ತನ್ನದೊಂದು ಸೀರೆ ಕೊಟ್ಟಳು, ಹಾಗೇ ನಡೆಯಿತು. ಇಲ್ಲಿಯ ರೇಷನ್ ಕಾರ್ಡಿನಲ್ಲಿ ಅವಳ ಹೆಸರಿಲ್ಲ, ಅದಕ್ಕೇ ನಾಲ್ಕು ಎಂಬುದು ಬಾಯಿಗೆ ಬಂತು, ಅದರಲ್ಲೇನು ಎಂದು ರಾಮಲಿಂಗಪ್ಪ ತನಗೆ ತಾನೇ ಹೇಳಿಕೊಂಡು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒರೆಸಿದಷ್ಟೂ ಒದ್ದೆಯೇ ಅನ್ನಿಸಿತು.

“ಅಣ್ಣಾ, ಅವ ಬರತಾನಂತಲ್ಲ ಇವತ್ತ? ಡಬ್ಬಿಯಾಂವ?” ಸಾವಕ್ಕ ರಾಟೆ ನಿಲ್ಲಿಸದೆ ಕೇಳಿದಳು.

“ಹೂಂ. ಹನ್ನೊಂದಕ್ಕ.”

“ಚಹಾಕ್ಕ ಸಕ್ಕರಿ ಕಡಿಮಿ ಹಾಕಬೇಕು ಅವಂಗ. ಹೋದ ಸಲ ಅರ್ಧಾ ಬಿಟ್ಟ ಹೋಗಿದ್ದ.”

ಇಷ್ಟು ನೆನಪಿದೆ ಎಂದಮೇಲೆ ಅದೂ ನೆನಪಿರಬೇಕಲ್ಲ. ರಾಮಲಿಂಗಪ್ಪ ಮಗ್ಗದ ಮನೆಗೆ ಹೋಗಿ, ಅಲ್ಲಿ ಕೆಲಸವಿಲ್ಲದಿದ್ದರೂ ನಾಲ್ಕು ಮಗ್ಗಗಳ ನಡುವೆ ಸ್ವಲ್ಪ ಹೊತ್ತು ನಿಂತ. ಆ ಗದ್ದಲದಲ್ಲಿ ನಿಂತರೆ ತಲೆಯೊಳಗಿನ ಮಾತು ಕೇಳಿಸುವುದಿಲ್ಲ. ಓಣಿಯ ಜನ ಹಾಗಾಗಿಯೇ ಇಷ್ಟು ಸಮಾಧಾನದಿಂದ ಇದ್ದಾರೆಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ. ಇವತ್ತು ಮಾತ್ರ ಗದ್ದಲದೊಳಗೂ ಕೇಳಿಸಿತು. ಏಕೆಂದರೆ ವಿಷಯ ಬರೀ ಹೆಸರಿನದಾಗಿರಲಿಲ್ಲ, ನಗುವಿನದೂ ಆಗಿತ್ತು. ಡಬ್ಬಿ ಬಂದ ವಾರವೇ ಒಂದು ಚಾನೆಲ್ಲಿನಲ್ಲಿ ಸೋಮವಾರದಿಂದ ಶುಕ್ರವಾರ ಏಳೂವರೆಗೆ ಹೊಸದೊಂದು ಹಾಸ್ಯ ಧಾರಾವಾಹಿ ಶುರುವಾಗಿತ್ತು. ‘ಲಿಫ್ಟ್ ಕೆಟ್ಟಿದೆ’ ಅಂತ ಹೆಸರು. ಬೆಂಗಳೂರಿನಲ್ಲಿ ಐದು ಅಂತಸ್ತಿನ ಒಂದು ಕಟ್ಟಡ, ಅದರ ಲಿಫ್ಟು ಎಂದೂ ಸರಿಯಾಗುವುದಿಲ್ಲ, ವಾಚಮನ್ ದಿನಾ ‘ನಾಳೆ ರಿಪೇರಿ’ ಎಂದು ಬೋರ್ಡು ಒರೆಸಿ ಬರೆಯುತ್ತಾನೆ, ಎಲ್ಲರೂ ಮೆಟ್ಟಿಲ ಮೇಲೆಯೇ ಸಿಗುತ್ತಾರೆ, ಜಗಳಾಡುತ್ತಾರೆ, ಕೂತು ಬದನೆಕಾಯಿ ಹೆಚ್ಚುತ್ತಾರೆ. ಇಷ್ಟೇ. ಮೊದಲ ವಾರ ಇಡೀ ಮನೆ ಕೂತು ನೋಡಿತು, ಒಬ್ಬರೂ ನಗಲಿಲ್ಲ. ಅವರ ಮಾತು ಇವರಿಗೆ ಹೊಂದಲಿಲ್ಲ, ಹಿಂದೆ ಯಾರೋ ಕೂಡಿಟ್ಟು ಬಿಟ್ಟಂಥ ನಗೆ ಕೇಳಿಸುತ್ತಿತ್ತು, ಅದು ಕೇಳಿಸಿದಾಗಲೆಲ್ಲ ಶೇವಂತಿ ಹಿಂತಿರುಗಿ ಬಾಗಿಲ ಕಡೆ ನೋಡುತ್ತಿದ್ದಳು. ಎರಡನೆಯ ವಾರದ ಕೊನೆಗೆ ರಾಹುಲ ರಿಮೋಟು ಕೈಗೆ ತಗೊಂಡ.

“ಅತ್ತಿ, ಸಾಕ ಬಿಡ. ಎರಡ ವಾರ ಆತು, ಒಬ್ಬರರೆ ನಕ್ಕಾರೇನ? ಹದಿನೈದ ದಿನದಾಗ ಓಡಲಾರದ ಡಿಸೈನ್ ನಾವು ಇಟಗೊಂಡ ಕೂಡತೀವೇನ? ಬನಹಟ್ಟಿ ಪ್ಯಾಟ್ಯಾಗ ಇಂಥಾ ಸೀರಿ ತೋರಿಸಿದ್ರ ಬಾಗಲಾ ಹಾಕ್ಕೋತಾರ.”

“ಮಗ್ಗಕ್ಕ ಹಾಸಿನ ನೂಲು ಏರಿಸಿದ ಮ್ಯಾಲ ಮುಗಿಯೂತನಾ ನೇಯತೀಯಲ್ಲೋ? ಒಂದ ಸೀರಿ ನೇದು, ಚಂದ ಕಾಣವಲ್ತಂತ ಯಾವತ್ತರೆ ಹಾಸು ಕೊಯ್ದ ಒಗದೀಯೇನ?” ಎಂದಳು ಸಾವಕ್ಕ.

“ಅದು ನೂಲಬೇ. ಇದು ಟಿ.ವಿ.”

“ಇದರಾಗೂ ಮಂದಿ ಅದಾರ. ನೋಡು, ಗುರ್ತಿಲ್ಲದಾಂವ ಕಾಲಜಾರಿ ಬಿದ್ದರ ‘ಅಯ್ಯೋ ಪಾಪ’ ಅಂತೀವಿ. ನಿಮ್ಮಪ್ಪ ಬಿದ್ದರ ನಗತೀವಿ. ನಗಿ ಬರಾಕ ಗುರ್ತ ಆಗಬೇಕು, ಗುರ್ತಾಗಾಕ ಟೈಮ್ ಬೇಕಪಾ. ಅವರು ಇನ್ನೂ ನಮ್ಮ ಮನಿಗೆ ಬರಾಕತ್ತ ಹತ್ತ ದಿನಾ ಆತು.”

“ನಿನಗ ಗುರ್ತಾಗೂತನಾ ಚಾನೆಲ್ಲಿನವರು ಕಾಯತಾರೇನ? ದಿನಾ ಅಷ್ಟ ಮಂದಿಗೆ ಕೂಳ ಹಾಕಬೇಕು ಅವರು.”

“ಕಾಯಲಿಲ್ಲಂದ್ರ ಅವರದ ಹಾನಿ. ನಾನಂತೂ ಕಾಯತೇನಿ,” ಎಂದು ಅವನ ಕೈಯಿಂದ ರಿಮೋಟು ಕಸಿದುಕೊಂಡಿದ್ದಳು. ಮೂವತ್ತೊಂದು ವರ್ಷದಲ್ಲಿ ಆ ಮನೆಯ ಒಂದು ವಸ್ತುವನ್ನೂ ಅವಳು ಯಾರ ಕೈಯಿಂದಲೂ ಕಸಿದುಕೊಂಡದ್ದನ್ನು ರಾಮಲಿಂಗಪ್ಪ ಕಂಡಿರಲಿಲ್ಲ. ಆಗ ಅವನಿಗೆ ಖುಷಿಯೇ ಆಯಿತು, ಮಗನಿಗೆ ಬುದ್ಧಿ ಬಂತೆಂದು. ಮೂರನೆಯ ವಾರದ ಮಂಗಳವಾರ ಎಳೆ ಹರಿದು ಒಂದು ಮಗ್ಗ ನಿಂತಿತ್ತು, ಅವನು ಹೊರಗಿನ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ, ಆಗ ಒಳಗಿನಿಂದ ಒಂದು ನಗು ಕೇಳಿಸಿತು. ಮೊದಲು ಅವನಿಗೆ ಅದು ಯಾರದೆಂದೇ ತಿಳಿಯಲಿಲ್ಲ. ಟಿ.ವಿ.ಯದೇ ಇರಬೇಕೆಂದುಕೊಂಡ. ಆಮೇಲೆ ನಗುವಿನ ಹಿಂದೆ ಬಿಕ್ಕಳಿಕೆ ಬಂತು. ಸಣ್ಣವಳಿದ್ದಾಗ ಸಾವಕ್ಕ ಬಿಕ್ಕಳಿಕೆ ಬರುವವರೆಗೂ ನಗುತ್ತಿದ್ದಳು. ಅವ್ವ ಬೆನ್ನಿಗೆ ಗುದ್ದಿ ನೀರು ಕುಡಿಸುತ್ತಿದ್ದಳು, ನೀರು ಮೂಗಿಗೆ ಹತ್ತಿ ಮತ್ತೆ ನಗು. ತೇರದಾಳದಿಂದ ಬಂದ ಮೇಲೆ ಅವಳು ನಕ್ಕಿಲ್ಲವೆಂದಲ್ಲ, ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು, ಯಾರದೋ ಮನೆಯಲ್ಲಿ ನಗುವ ಹಾಗೆ. ಅವತ್ತಿನದು ಪೂರಾ ನಗು. ಎಲೆ ಕೈಯಲ್ಲೇ ಹಿಡಿದುಕೊಂಡು ಅವನು ಕಟ್ಟೆಯ ಮೇಲೆ ಅತ್ತ. ಅಳು ಬಂದದ್ದಕ್ಕೆ ಸುಣ್ಣವೇ ಕಾರಣವೆಂದು ಎದುರಿಗೆ ಹೋಗುತ್ತಿದ್ದವರಿಗೆ ತೋರಿಸಲು ಕಣ್ಣು ಉಜ್ಜಿಕೊಂಡ, ಆಗ ಖರೇನೇ ಸುಣ್ಣ ಕಣ್ಣಿಗೆ ಹತ್ತಿತು.

ಅಂದಿನಿಂದ ದಿನಾ ಏಳೂವರೆಗೆ ಅವನು ಕಟ್ಟೆಯ ಮೇಲೆ ಕೂಡುವುದು, ಒಳಗೆ ಅವಳು ನಗುವುದು. ಅವನು ಆ ಧಾರಾವಾಹಿಯನ್ನು ಮೊದಲ ವಾರದ ಮೇಲೆ ಒಂದು ದಿನವೂ ನೋಡಲಿಲ್ಲ. ಅವಳ ನಗೆಯನ್ನು ಒಂದು ದಿನವೂ ಬಿಡಲಿಲ್ಲ. ಹೀಗಿರುವಾಗ ಹೋದ ವಾರ ರಾಹುಲ ಮೊಬೈಲು ನೋಡುತ್ತ ಊಟದ ನಡುವೆ, “ಅತ್ತೀದು ಬಂದ್ ಆಗತೈತಂತ. ನೋಡೋರು ಇಲ್ಲಂತ. ಇನ್ನ ಎರಡ ವಾರದಾಗ ನಂಬರ್ ಏರಲಿಲ್ಲಂದ್ರ ತಗೀತಾರಂತ,” ಎಂದ. ಸಾವಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. “ಹೌದಾ?” ಎಂದಳಷ್ಟೆ. ಆದರೆ ಮುರಿದ ರೊಟ್ಟಿಯನ್ನು ಪಲ್ಯಕ್ಕೆ ಅದ್ದದೆ ಬರೀ ಬಾಯಿಗೆ ಹಾಕಿಕೊಂಡಳು. ರಾಮಲಿಂಗಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ. ನೋಡುವವರು ಇಲ್ಲವಂತೆ. ಒಬ್ಬಳು ಇದ್ದಾಳೆ, ಬಿಕ್ಕಳಿಕೆ ಬರುವ ಹಾಗೆ ನಗುತ್ತಾಳೆ, ಆಕೆಯನ್ನು ಎಣಿಸುವ ಡಬ್ಬಿ ಆಕೆಯ ಮುಂದೆಯೇ ಇದೆ, ಅದರೊಳಗೆ ಆಕೆಯ ಹೆಸರಿಲ್ಲ. ಹೆಸರು ಬಿಟ್ಟವನು ನಾನು. ಒಬ್ಬಳ ಹೆಸರಿನಿಂದ ಐದು ಅಂತಸ್ತಿನ ಕಟ್ಟಡ ನಿಲ್ಲುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ಅದು ಬೀಳುವುದಾದರೆ ತನ್ನಿಂದಲೇ ಬೀಳುತ್ತದೆ ಎಂದು ಅವನಿಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು. ಇವತ್ತು ಸಂಜು ಬಂದರೆ ಹೇಳಿಬಿಡಬೇಕು: ಒಂದು ಹೆಸರು ಬಿಟ್ಟಿದೆ, ಬರ್ಕೋರಿ. ಅಷ್ಟೇ. ಹೇಳಲು ಅರ್ಧ ನಿಮಿಷ ಸಾಕು.

ಸಂಜು ಹನ್ನೊಂದೂಕಾಲಿಗೆ ಬಂದ. ಮೂವತ್ತೈದರ ಆಸುಪಾಸಿನ, ತಲೆಯ ಮುಂಭಾಗದ ಕೂದಲು ಹೆಲ್ಮೆಟ್ಟಿಗೆ ಬಲಿಯಾದ ಸಾಧು ಮನುಷ್ಯ. ಡಬ್ಬಿಯ ವೈರು ಎಳೆದು ನೋಡಿದ, ಕುರ್ಚಿಯ ಮೇಲೆ ಕೂತು ಕೈಯಲ್ಲಿದ್ದ ಟ್ಯಾಬಿನ ಮೇಲೆ ಬೆರಳಾಡಿಸಿದ, ಗಂಟಲು ಸರಿಮಾಡಿಕೊಂಡ. ರಾಮಲಿಂಗಪ್ಪನೂ ಗಂಟಲು ಸರಿಮಾಡಿಕೊಂಡ. ಇಬ್ಬರೂ ಒಟ್ಟಿಗೇ ಬಾಯಿ ತೆರೆದರು, ಸಂಜು ಗೆದ್ದ.

“ಯಜಮಾನರ, ನಿಮ್ಮ ಮನಿಗೆ ದಿನಾ ಒಬ್ಬರು ಪಾವಣ್ಯಾರು ಬರತಾರಲ್ರೀ, ಅವರು ಯಾರ್ರೀ?”

“ಪಾವಣ್ಯಾರು?”

“ಹೂಂನ್ರೀ. ಮನಿಗೆ ಬಂದವರು ಟಿ.ವಿ. ನೋಡಿದರ ಒತ್ತಾಕ ಕಡೀಕ ಒಂದ ಗುಂಡಿ ಐತಿ ಅಂತ ಅವತ್ತ ತೋರಿಸಿದ್ನಲ್ಲ? ಅದನ್ನ ಒತ್ತಿ ವಯಸ್ಸು ಹಾಕತಾರ. ಸೋಮವಾರದಿಂದ ಶುಕ್ರವಾರ. ಏಳೂವರಿಗೆ ಬರತಾರ, ಎಂಟಕ್ಕ ಹೋಗತಾರ. ಹೆಣ್ಣಮಗಳು. ವಯಸ್ಸ ಐವತ್ತೊಂಬತ್ತು. ಎರಡ ತಿಂಗಳ ಮ್ಯಾಲಾತು, ಒಂದ ದಿನಾನೂ ತಪ್ಪಿಲ್ಲ. ಮ್ಯಾಲಿನವರು ಕೇಳಾಕತ್ತಾರ, ಹಿಂಗ ದಿನಾ ಬರೋರು ಎಂಥಾ ಪಾವಣ್ಯಾರು ಅಂತ.”

ಈಗ ಹೇಳಲು ನಾಚಿಕೆ, ಆದರೆ ನಡೆದದ್ದು ಹೀಗೆ: ರಾಮಲಿಂಗಪ್ಪ ಖರೇನೇ ಯೋಚಿಸಿದ. ಏಳೂವರೆಗೆ ನಮ್ಮ ಮನೆಗೆ ಯಾರು ಬರುತ್ತಾರೆ? ಓಣಿಯ ಒಂದೊಂದೇ ಮನೆಯ ಹೆಂಗಸರನ್ನು ನೆನೆದ. ಯಾರೂ ಬರುವುದಿಲ್ಲ, ನಾನು ಕಟ್ಟೆಯ ಮೇಲೇ ಇರುತ್ತೇನಲ್ಲ. ಐವತ್ತೊಂಬತ್ತು ಎಂದರೆ ನನಗಿಂತ ಐದು ವರ್ಷ ಸಣ್ಣವಳು. ಐದು ವರ್ಷ ಸಣ್ಣವಳು ಎಂದು ಮನಸ್ಸಿನಲ್ಲಿ ಅಂದಾಗಲೇ, ತಂಗಿಯ ತೊಟ್ಟಿಲ ಪಕ್ಕ ಅಂಗಿಯಿಲ್ಲದೆ ನಿಂತ ಐದು ವರ್ಷದ ತಾನು ಅವನಿಗೆ ಕಂಡ. ಶೇವಂತಿ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಶೀತಲ್ ನೆಲ ನೋಡುತ್ತ ನಿಂತಿದ್ದಳು. ಗುಂಡಿ ಒತ್ತಿ ವಯಸ್ಸು ಹಾಕುವುದನ್ನು ಕಲಿಸಿಕೊಟ್ಟವಳು ಈಕೆಯೇ ಎಂದು ಹೊಳೆಯಿತು. ಅಂದರೆ ಎಲ್ಲರಿಗೂ ಗೊತ್ತಿತ್ತು. ಸಾವಕ್ಕ ಅವತ್ತು ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು, ಸಿಟ್ಟಾಗದೆ, ಅಳದೆ, ಉಳಿದಿದ್ದ ಒಂದೇ ಗುಂಡಿಯನ್ನು ತನ್ನದು ಎಂದು ತಗೊಂಡಿದ್ದಳು.

ಈಗ ಹೇಳಬೇಕು: ಆಕಿ ನನ್ನ ತಂಗಿ. ಹೇಳಿದರೆ ಸಂಜು ಕೇಳುತ್ತಾನೆ, ಮತ್ತ ಅವತ್ತ ನಾಕ ಮಂದಿ ಅಂದ್ರಲ್ರೀ? ಆ ಪ್ರಶ್ನೆಯ ಮುಂದೆ, ಹೆಂಡತಿ ಸೊಸೆಯರ ಮುಂದೆ, ನಿಲ್ಲಲು ರಾಮಲಿಂಗಪ್ಪನಿಂದ ಆಗಲಿಲ್ಲ. “ಬಾಜೂ ಮನಿಯಾಕಿ,” ಎಂದ.

ಅಂದದ್ದೇ ತಡ, ಚಹಾ ಬಂತು. ಸಾವಕ್ಕ ಬಗ್ಗಿ ಲೋಟವನ್ನು ಸಂಜುವಿನ ಮುಂದಿನ ಸ್ಟೂಲಿನ ಮೇಲಿಟ್ಟಳು. ಸಂಜು ಲೋಟ ತಗೊಳ್ಳುತ್ತ ಹೇಳುತ್ತಲೇ ಇದ್ದ: “ಹಂಗಿದ್ರ ಅವರಿಗೆ ತಮ್ಮ ಮನ್ಯಾಗ ನೋಡಾಕ ಹೇಳ್ರಿ ಯಜಮಾನರ. ದಿನಾ ಬರೋರನ್ನ ಪಾವಣ್ಯಾರು ಅಂತ ಹಿಡಿಯಾಕ ಬರೂದಿಲ್ಲ. ಇಲ್ಲಂದ್ರ ಡಬ್ಬಿ ತಗದ ಬಿಡತಾರ.”

ಉತ್ತರ ಕೊಟ್ಟವಳು ಸಾವಕ್ಕ. “ಹೇಳತೇನಿ ತಗೋರಿ ಆಕಿಗೆ. ತಿಳಿದಾಕಿ ಅದಾಳ, ಬರೂದಿಲ್ಲ,” ಎಂದಳು. “ಸಕ್ಕರಿ ಕಡಿಮಿ ಹಾಕೇನಿ, ನೋಡ್ರಿ.”

ಸಂಜು ಕುಡಿದು, ಚಹಾ ಬಹಳ ಛಲೋ ಆಗಿದೆ ಎಂದು ಹೊಗಳಿ, ಹೆಲ್ಮೆಟ್ಟು ಹಾಕಿಕೊಂಡು ಹೋದ.

ಆಮೇಲಿನ ಮಧ್ಯಾಹ್ನವೆಲ್ಲ ರಾಮಲಿಂಗಪ್ಪ ಮನೆಯಲ್ಲೇ ದಾರಿ ತಪ್ಪಿದವನಂತೆ ಅಡ್ಡಾಡಿದ. ರಾಟೆಯ ಹತ್ತಿರ ಮೂರು ಸಲ ಹೋದ. ಮೊದಲ ಸಲ ನೀರು ಕೇಳಿದ, ಅವಳು ಎದ್ದು ಕೊಟ್ಟಳು. ಎರಡನೆಯ ಸಲ ಕೆಂಪು ನೂಲು ಎಷ್ಟಿದೆ ಎಂದು ಕೇಳಿದ. ನೂಲು ಅವನ ಕಣ್ಣ ಮುಂದೆಯೇ ಇತ್ತು. ಮೂರನೆಯ ಸಲ ಸುಮ್ಮನೆ ನಿಂತ. “ಏನ ಬೇಕಾಗಿತ್ತಣ್ಣಾ?” ಎಂದಳು. ಏನೂ ಇಲ್ಲ ಎಂದ. ಅವಳ ಮುಖದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ, ಅದೇ ಅವನನ್ನು ತಿಂದಿತು. ಬೈದಿದ್ದರೆ ಬೈಸಿಕೊಂಡು ಉಣ್ಣಬಹುದಿತ್ತು. ಉಂಡು ಒರಗಿದರೆ ರಾಹುಲನ ಮದುವೆ ನೆನಪಾಯಿತು. ಅಕ್ಷತೆ ಮುಗಿದು ಫೋಟೋ ತೆಗೆಯುವವನು “ಮನಿಯವರಷ್ಟ ನಿಲ್ರಿ, ಮನಿಯವರಷ್ಟ” ಎಂದು ಕೂಗಿದಾಗ ಸಾವಕ್ಕ ತಾನಾಗಿಯೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದಳು. ಶೇವಂತಿಯ ಪರ್ಸು, ತನ್ನ ಕನ್ನಡಕದ ಡಬ್ಬಿ, ಬೀಗರ ಕೂಸು, ಎಲ್ಲ ಅವಳ ಕೈಯಲ್ಲೇ ಇದ್ದವು. ಬಾ ಎನ್ನಬೇಕೆಂದು ಅವನಿಗೆ ಅನ್ನಿಸಿತ್ತು. ಅಷ್ಟರಲ್ಲಿ ಫ್ಲ್ಯಾಷ್ ಹೊಳೆಯಿತು, ಅವನ ಕಣ್ಣು ಮುಚ್ಚಿತು. ಆ ಫೋಟೋ ಈಗಲೂ ಗೋಡೆಯ ಮೇಲಿದೆ, ಅದರಲ್ಲಿ ಅವನು ಕಣ್ಣು ಮುಚ್ಚಿಕೊಂಡೇ ನಿಂತಿದ್ದಾನೆ, ಮನೆಯವರೆಲ್ಲ ಅದನ್ನು ನೋಡಿ ನಗುತ್ತಾರೆ, ಸೆರಗು ಬಾಯಿಗೆ ಹಿಡಿದು ಸಾವಕ್ಕ ಕೂಡ. ಎಷ್ಟು ವರ್ಷ ಬೇಕು ಒಬ್ಬರು ಒಂದು ಮನೆಯವರಾಗಲು? ಟಿ.ವಿ.ಯ ಆ ಮೆಟ್ಟಿಲಿನ ಮಂದಿಗೆ ಅವಳು ಹದಿನೈದು ದಿನ ಕೊಟ್ಟಳು, ಹದಿನಾರನೆಯ ದಿನಕ್ಕೆ ಅವರು ಅವಳವರಾದರು. ತನಗೆ ಮೂವತ್ತೊಂದು ವರ್ಷವೂ ಸಾಲಲಿಲ್ಲ. ಅವಳನ್ನು ಅವನು ಪ್ರೀತಿಸುತ್ತಿದ್ದ, ಅದರಲ್ಲಿ ಸಂಶಯವಿರಲಿಲ್ಲ. ಜ್ವರ ಬಂದಾಗ ರಾತ್ರಿಯೆಲ್ಲ ಕೂತಿದ್ದಾನೆ, ಜಮಖಂಡಿಗೆ ಹೋದರೆ ಅವಳಿಗೆಂದು ಬಳೆ ತರದೆ ಬಂದಿಲ್ಲ. ಪ್ರೀತಿ ಇದ್ದೂ ಎಣಿಸುವಾಗ ಬಿಟ್ಟುಹೋಗುತ್ತದೆ ಎಂದರೆ ಅದೆಂಥ ಪ್ರೀತಿ ಎಂದು ಅವನು ಮಗ್ಗುಲಾದ. ನಿದ್ದೆ ಬರಲಿಲ್ಲ.

ಸಂಜೆ ಏಳೂ ಇಪ್ಪತ್ತೈದಕ್ಕೆ ಅವನು ಎಂದಿನಂತೆ ಕಟ್ಟೆಯ ಮೇಲೆ ಬಂದು ಕೂತ. ಒಳಗೆ ಶೀತಲ್ ಟಿ.ವಿ. ಹಚ್ಚಿದಳು, ‘ಲಿಫ್ಟ್ ಕೆಟ್ಟಿದೆ’ಯ ಶುರುವಿನ ತಮಟೆ ಕೇಳಿಸಿತು. ಕಾದ. ನಗು ಬರಲಿಲ್ಲ. ಇನ್ನೂ ಐದು ನಿಮಿಷ ಕಾದ. ಟಿ.ವಿ.ಯವರು ತಮ್ಮಷ್ಟಕ್ಕೆ ತಾವೇ ನಕ್ಕರು, ಮನೆಯೊಳಗಿನಿಂದ ಏನೂ ಬರಲಿಲ್ಲ. ಇಣುಕಿ ನೋಡಿದ. ಶೇವಂತಿ, ಶೀತಲ್ ಇಬ್ಬರೇ ಚಾಪೆಯ ಮೇಲಿದ್ದರು, ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟುಕೊಂಡು. ಪಡಸಾಲೆಯ ಮೂಲೆಯಿಂದ ರಾಟೆಯ ಸದ್ದು ಕೇಳಿಸುತ್ತಿತ್ತು.

ಅವನು ಒಳಗೆ ಹೋಗಿ ರಾಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಪಕ್ಕದಲ್ಲೇ ಮಗ್ಗದ ಮನೆಯ ಬಾಗಿಲು. ನಾಲ್ಕೂ ಮಗ್ಗ ಓಡುತ್ತಿದ್ದವು. ಮಾತು ಕೇಳಿಸಬೇಕೆಂದರೆ ಮುಖ ಹತ್ತಿರ ತರಬೇಕು.

“ಯಾಕಬೇ, ನೋಡಾಕ ಹೋಗಲಿಲ್ಲ?”

“ಬಾಜೂ ಮನಿಯಾಕಿ ದಿನಾ ಬಂದ್ರ ಹೆಂಗಣ್ಣಾ?” ಎಂದಳು ಸಾವಕ್ಕ, ನೂಲಿನಿಂದ ಕಣ್ಣೆತ್ತದೆ. “ಆಕಿಗೂ ಒಂಚೂರ ಮಾನ ಮರ್ಯಾದಿ ಇರತಾವ.” ಚೇಷ್ಟೆಗೇ ಅಂದಳು. ನಕ್ಕಳು ಕೂಡ. ಆದರೆ ಸೆರಗು ಬಾಯಿಗೆ ಹೋಗಿತ್ತು.

“ಸಾವಕ್ಕ, ತಪ್ಪಾತು ನಂದು.”

“ಏನ ತಪ್ಪಪಾ? ರೇಷನ್ ಕಾರ್ಡಿನಾಗ ಇಲ್ಲ, ಅದಕ್ಕ ನಿನ್ನ ಬಾಯಾಗ ನಾಕ ಬಂತು. ಅಷ್ಟ.”

ಬೆಳಿಗ್ಗೆಯಿಂದ ಅವನು ತನಗೆ ತಾನೇ ಹೇಳಿಕೊಂಡ ನೆವವನ್ನೇ ಅವಳು ಅವನ ಕೈಗೆ ಕೊಟ್ಟಿದ್ದಳು, ತಗೊಂಡು ಎದ್ದು ಹೋಗು ಎಂಬಂತೆ. ಅಂಥ ನೆವಗಳನ್ನು ಇಷ್ಟು ವರ್ಷ ಅವಳೇ ಹುಡುಕಿ ಹುಡುಕಿ ಕೊಟ್ಟಿರಬೇಕು, ಅವನು ತಗೊಂಡಿರಬೇಕು. “ರೇಷನ್ ಕಾರ್ಡಿನ ಮನಿ ಹಾಳಾಗ್ಲಿ,” ಎಂದು ರಾಮಲಿಂಗಪ್ಪ ಜೇಬಿನಿಂದ ಮೊಬೈಲು ತೆಗೆದ. ಕನ್ನಡಕ ಇರಲಿಲ್ಲ. ಮೊದಲು ಯಾರೋ ನೂಲಿನ ಏಜೆಂಟನಿಗೆ ಹೋಯಿತು, ಅವನಿಗೆ ಬೈದು ಇಟ್ಟು, ಮತ್ತೆ ಒತ್ತಿದ. ಈ ಸಲ ಸಂಜು ಎತ್ತಿದ.

“ಸಂಜು, ರಬಕವಿಯಿಂದ ರಾಮಲಿಂಗಪ್ಪ. ನಮ್ಮ ಮನ್ಯಾಗ ಐದ ಮಂದಿ ಅದೀವ್ರಿ.”

ಆ ಕಡೆಯಿಂದ ಏನೋ ಬಂತು. ಮಗ್ಗದ ಸದ್ದಿನಲ್ಲಿ ಅವನ ಮಾತು ಇವನಿಗಿಲ್ಲ, ಇವನ ಮಾತು ಅವನಿಗಿಲ್ಲ. ರಾಮಲಿಂಗಪ್ಪ ಎದ್ದು ನಿಂತು, ಒಂದು ಕಿವಿ ಮುಚ್ಚಿಕೊಂಡು ದನಿ ಏರಿಸಿದ. “ಐದ! ಐದ ಮಂದಿ! ಒಂದ ಹೆಸರ ಬಿಟ್ಟೇನಿ!”

“ಹೊಸಾದಾಗಿ ಬಂದಾರೇನ್ರೀ?” ಎಂದು ಸಂಜುವೂ ಕೂಗಿದ.

“ಹೊಸಬರಲ್ಲ! ಮೂವತ್ತೊಂದು ವರ್ಷ ಆತು!”

“ಏನಾಗಬೇಕ್ರೀ ಅವರು ನಿಮಗ?”

“ತಂಗಿ!”

“ಏನಂದ್ರೀ?”

“ತಂಗೀ! ಬೆಳಿಗ್ಗೆ ನಿಮಗ ಚಹಾ ಕೊಟ್ಟಾಳಲ್ಲ, ಆಕಿ! ಪಾವಣ್ಯಾರಂತ ಒತ್ತಾಕಿ ಆಕೀನ! ನಾ ಸುಳ್ಳ ಹೇಳೇನಿ!”

ಮಗ್ಗದ ಮನೆಯೊಳಗೆ ರಾಹುಲನಿಗೆ ಹೊರಗಿನ ಕೂಗು ಕೇಳಿಸಿ, ಅಪ್ಪನಿಗೆ ಏನೋ ಆಯಿತೆಂದು ಗಾಬರಿಯಾಗಿ ಸ್ವಿಚ್ಚು ಎಳೆದುಬಿಟ್ಟ. ನಾಲ್ಕೂ ಮಗ್ಗ ಒಮ್ಮೆಲೇ ನಿಂತವು. ರಾಮಲಿಂಗಪ್ಪ ಆಗಲೇ ಎದೆ ತುಂಬ ಉಸಿರು ಎಳೆದಾಗಿತ್ತು, ನಿಲ್ಲಿಸುವಂತಿರಲಿಲ್ಲ. “ಸಾವಕ್ಕ ಬಾಜೂ ಮನಿಯಾಕಿ ಅಲ್ಲ! ನಮ್ಮ ಮನಿಯಾಕಿ!” ಎಂದು ಅವನು ಕಿರುಚಿದ್ದು ಆ ಮೌನದಲ್ಲಿ ಇಡೀ ಓಣಿಗೆ ಕೇಳಿಸಿತು. ಎದುರು ಮನೆಯ ಕಿಟಕಿ ತೆರೆಯಿತು. ಶೇವಂತಿ, ಶೀತಲ್ ಚಾಪೆಯಿಂದ ಎದ್ದು ಓಡಿ ಬಂದರು. ರಾಹುಲ ಬಾಗಿಲಲ್ಲಿ ಎಣ್ಣೆಗೈ ಹಿಡಿದು ನಿಂತ. ಬಾಜೂ ಮನೆಯ ಯಲ್ಲಕ್ಕ ಗೋಡೆಯ ಮೇಲಿಂದ ತಲೆ ಹಾಕಿ, “ಯಾರರೆ ಅಲ್ಲ ಅಂದಾರೇನ್ರೀ ಅಣ್ಣಾರ?” ಎಂದು ಕೇಳಿದಳು.

ಫೋನಿನಲ್ಲಿ ಸಂಜು ಮೆಲ್ಲಗೆ, ಈಗ ಸ್ಪಷ್ಟವಾಗಿ ಕೇಳಿಸುವಂತೆ, “ಆತ್ರಿ ಯಜಮಾನರ, ಬರಕೊಂಡೆ. ಆದರ ಒಂದನೇ ತಾರೀಖಿನಿಂದ ಹಿಡೀತೈತ್ರಿ ಅದು,” ಎಂದ. ಒಂದನೆಯ ತಾರೀಖಿಗೆ ಇನ್ನೂ ಹದಿನೇಳು ದಿನ. ಅಷ್ಟರಲ್ಲಿ ಆ ಕಟ್ಟಡ ಇರುತ್ತದೋ ಇಲ್ಲವೋ. ರಾಮಲಿಂಗಪ್ಪ ಫೋನು ಇಟ್ಟು, ಹೇಳಲು ಮನಸ್ಸಿಲ್ಲದಿದ್ದರೂ ತಂಗಿಗೆ ಅದನ್ನೂ ಹೇಳಿದ. ಸಾವಕ್ಕ ರಾಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅವಳ ಗಲ್ಲದ ಮೇಲಿಂದ ನೀರು ಇಳಿದು ಕೆಂಪು ನೂಲಿನ ಮೇಲೆ ಬಿತ್ತು. ಅವಳು ಮೊದಲು ನೂಲನ್ನು ಒರೆಸಿದಳು, ಆಮೇಲೆ ಮುಖವನ್ನು.

“ಹದಿನೇಳ ದಿನಾ ನನಗೇನ ದೊಡ್ಡದಲ್ಲ ಬಿಡು,” ಎಂದು ಎದ್ದಳು. ಮೊಣಕಾಲು ಹಿಡಿದುಕೊಂಡಿತ್ತು, ಅವನ ಭುಜದ ಮೇಲೆ ಕೈಯೂರಿ ಎದ್ದಳು. ಕೈ ತೆಗೆಯದೆ ಹಾಗೇ ನಡೆಸಿಕೊಂಡು ಟಿ.ವಿ.ಯ ಕೋಣೆಗೆ ಬಂದಳು. ಅಲ್ಲಿ ಯಾರೂ ಇರಲಿಲ್ಲ. ಖಾಲಿ ಚಾಪೆಯ ಮುಂದೆ ಐದು ಅಂತಸ್ತಿನ ಮಂದಿ ತಮ್ಮ ಪಾಡಿಗೆ ತಾವು ಹತ್ತಿ ಇಳಿಯುತ್ತಿದ್ದರು. ಸಾವಕ್ಕ ಕೂತಳು. ರಾಮಲಿಂಗಪ್ಪ ಕಟ್ಟೆಯ ಕಡೆಗೆ ತಿರುಗಿದವನು ನಿಂತ, ಆಮೇಲೆ ಅವಳ ಪಕ್ಕದಲ್ಲಿ ಕೂತ. ಒಬ್ಬ ಮುದುಕ ಕೈಯಲ್ಲಿ ಕೊತ್ತಂಬರಿ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ನಿಂತಿದ್ದ. ಅದರಲ್ಲಿ ನಗುವಂಥದ್ದೇನೂ ಅವನಿಗೆ ಕಾಣಲಿಲ್ಲ, ಬದಲಿಗೆ ಪಾಪ ಅನ್ನಿಸಿತು.

“ಯಾರ ಇಂವ?” ಎಂದು ಕೇಳಿದ.

“ಐದನೇ ಮಾಳಿಗಿಯಾಂವ,” ಎಂದು ಶುರುಮಾಡಿದ ಸಾವಕ್ಕ ಅಣ್ಣನ ಮುಖ ನೋಡಿದಳು. “ತಡಿ. ಹಂಗ ತಿಳಿಯೂದಿಲ್ಲ ನಿನಗ. ಕೆಳಗಿಂದ ಒಬ್ಬೊಬ್ಬರನ್ನ ಹೇಳಕೋತ ಬರತೇನಿ.”